ಸಮವಸ್ತ್ರ ಕಳಚಿದ ಮೇಲೆ ಪೋಲೀಸಿನವನ ಜೇಬಿನಲ್ಲಿ ಏನಿರಬೇಕು?

ಬೀದಿಯಲ್ಲಿ ಗಸ್ತು ತಿರುಗುವ ಪೋಲೀಸಿನವನನ್ನು ನಾವು ಗುರುತಿಸುವುದು ಅವನ ಮುಖದಿಂದಲ್ಲ, ಉಡುಪಿನಿಂದ. ಅಮೆರಿಕದ ಗಸ್ತಿನ ಅಧಿಕಾರಿಯ ಸೊಂಟಪಟ್ಟಿಯಲ್ಲಿ ಪಿಸ್ತೂಲು, ಹೆಚ್ಚಿನ ಗುಂಡುಗಳು, ಕೈಕೋಳ, ಟಾರ್ಚು, ಲಾಠಿ, ರೇಡಿಯೋ ಮೊದಲಾದವು ತೂಗಾಡುತ್ತಿರುತ್ತವೆ. ಅಂಗಿಯೊಳಗಿನ ಎದೆಗವಚವನ್ನೂ ಸೇರಿಸಿದರೆ ಹೊರೆಯು ಹತ್ತು ಕಿಲೋಗ್ರಾಮುಗಳ ಆಸುಪಾಸಿಗೆ ಬರುತ್ತದೆ. ದಿನದ ಕೆಲಸ ಮುಗಿದ ಮೇಲೆ ಈ ಹೊರೆಯೆಲ್ಲವೂ ಕಪಾಟನ್ನು ಸೇರುತ್ತದೆ. ಅಧಿಕಾರಿಯು ಸಾಮಾನ್ಯ ಅಂಗಿ ಷರಾಯಿಗಳನ್ನು ತೊಟ್ಟು, ಮಕ್ಕಳನ್ನು ಕರೆದುಕೊಂಡು ಅಂಗಡಿಗೋ ಹೋಟಲಿಗೋ ಹೊರಡುತ್ತಾನೆ. ಆಗ ಅವನು ಜೊತೆಗೆ ಕೊಂಡೊಯ್ಯಬೇಕಾದುದೇನು? ಬಿಟ್ಟುಹೋಗಬೇಕಾದುದೇನು?

ಇದು ಅವರವರ ರುಚಿಗೆ ಸೇರಿದ ವಿಷಯವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಸ್ವಲ್ಪ ಪರೀಕ್ಷಿಸಿ ನೋಡಿದರೆ ನಾವು ಪಾಠಪುಸ್ತಕಗಳಲ್ಲಿ ಓದುವ ಚಲನನಿಯಮಗಳು, ದ್ಯುತಿಶಾಸ್ತ್ರ, ಶರೀರಶಾಸ್ತ್ರ ಮತ್ತು ಮನಶ್ಶಾಸ್ತ್ರಗಳು ಈ ಚಿಕ್ಕ ಪ್ರಶ್ನೆಯಲ್ಲಿ ಒಂದುಗೂಡಿರುವುದು ಕಂಡುಬರುತ್ತದೆ.

ಈ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯಾಗಿಲ್ಲ. 1829ರಲ್ಲಿ ಲಂಡನ್ನಿನ ಮಹಾನಗರ ಪೋಲೀಸು ಪಡೆಯು ಸ್ಥಾಪಿತವಾದಂದಿನಿಂದ ಬ್ರಿಟನ್ನಿನ ಸಾಮಾನ್ಯ ಪೋಲೀಸಿನವನು ಬಹುಮಟ್ಟಿಗೆ ಬಂದೂಕಿಲ್ಲದೆಯೇ ಕೆಲಸ ಮಾಡುತ್ತ ಬಂದಿದ್ದಾನೆ. ನಮ್ಮ ದೇಶದಲ್ಲಿ 1861ರ ಪೋಲೀಸು ಕಾಯಿದೆಯ 22ನೆಯ ವಿಧಿಯು ಪೋಲೀಸು ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಭಾವಿಸಿತು. ಆದರೂ ಕೆಲಸಕ್ಕೆಂದು ಕೊಟ್ಟ ಆಯುಧವು ಕೆಲಸ ಮುಗಿದೊಡನೆ ಸಾಮಾನ್ಯವಾಗಿ ಆಯುಧಾಗಾರಕ್ಕೆ ಹಿಂದಿರುಗುತ್ತದೆ. ಅಮೆರಿಕದ ರೂಢಿ ಬೇರೆ. ಅಲ್ಲಿ 2004ರಲ್ಲಿ ಜಾರಿಗೆ ಬಂದ ಒಂದು ಕಾಯಿದೆಯ ಮೇರೆಗೆ, ಅರ್ಹತೆ ಪಡೆದ ಪೋಲೀಸು ಅಧಿಕಾರಿಯು ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಇಟ್ಟುಕೊಂಡು, ಬಿಡುವಿನ ವೇಳೆಯಲ್ಲಿಯೂ ದೇಶದ ಯಾವುದೇ ಸಂಸ್ಥಾನದಲ್ಲಿ ಪಿಸ್ತೂಲನ್ನು ಮರೆಯಾಗಿ ಧರಿಸಬಹುದು. ಆದುದರಿಂದ ನಮ್ಮ ಪ್ರಶ್ನೆಯನ್ನು ಅಮೆರಿಕದ ಉದಾಹರಣೆಯಿಂದಲೇ ವಿಚಾರ ಮಾಡೋಣ.

ಹಗುರವಾದ ಪಿಸ್ತೂಲಿನ ಬೆಲೆ

ಮರೆಯಾಗಿ ಧರಿಸಬೇಕಾದ ಆಯುಧವು ಚಿಕ್ಕದಾಗಿಯೂ ಹಗುರವಾಗಿಯೂ ಇರಬೇಕೆಂಬುದು ಸಹಜವಾದ ಅಪೇಕ್ಷೆ. 1950ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪೆನಿಯು ಐದೇ ಗುಂಡು ಹಿಡಿಯುವ ಒಂದು ಮೋಟು ರಿವಾಲ್ವರನ್ನು ಹೊರತಂದಿತು. ಆ ವರ್ಷ ಕಾಲರಾಡೋ ಸ್ಪ್ರಿಂಗ್ಸಿನಲ್ಲಿ ನೆರೆದಿದ್ದ ಪೋಲೀಸು ಮುಖ್ಯಾಧಿಕಾರಿಗಳ ಸಮ್ಮೇಳನದಲ್ಲಿ ಅದಕ್ಕೆ 'ಚೀಫ್ಸ್ ಸ್ಪೆಷಲ್' ಎಂದು ನಾಮಕರಣವಾಯಿತು. ಇಂದು ಗ್ಲಾಕ್ 19ರಂತಹ 9 ಮಿಲಿಮೀಟರಿನ ಪಿಸ್ತೂಲುಗಳೂ ಅವಕ್ಕಿಂತ ಕಿರಿದಾದ ಪಿಸ್ತೂಲುಗಳೂ ಹೆಚ್ಚಾಗಿ ಬಳಕೆಯಲ್ಲಿವೆ.

ಆದರೆ ಪ್ರಕೃತಿಯು ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆದು ಒಂದು ಲೆಕ್ಕ ಮಾಡೋಣ. 9 ಮಿಲಿಮೀಟರಿನ ಗುಂಡಿನ ದ್ರವ್ಯರಾಶಿ 8 ಗ್ರಾಂ. ಅದು ನಳಿಗೆಯಿಂದ ಹೊರಡುವ ವೇಗ ಸೆಕೆಂಡಿಗೆ ಸುಮಾರು 350 ಮೀಟರು ಎಂದಿಟ್ಟುಕೊಳ್ಳೋಣ. ಇವೆರಡನ್ನೂ ಗುಣಿಸಿದರೆ ದೊರೆಯುವ ಸಂವೇಗ ಸೆಕೆಂಡಿಗೆ 2.8 ಕಿಲೋಗ್ರಾಂ-ಮೀಟರು. ಗುಂಡು ಮುಂದಕ್ಕೆ ಕೊಂಡೊಯ್ದಷ್ಟೇ ಸಂವೇಗವು ಪಿಸ್ತೂಲನ್ನು ಹಿಂದಕ್ಕೆ ನೂಕಬೇಕು. ಗುಂಡು ತುಂಬಿದ ಪಿಸ್ತೂಲು 850 ಗ್ರಾಂ ಇದ್ದರೆ ಅದು ಸೆಕೆಂಡಿಗೆ 3.3 ಮೀಟರು ವೇಗದಿಂದ ಹಿಂದೆ ಸರಿಯುತ್ತದೆ. 600 ಗ್ರಾಮಿನದಾದರೆ ಆ ವೇಗ 4.7 ಮೀಟರಿಗೆ ಏರುತ್ತದೆ. ಕೈ ತಡೆದುಕೊಳ್ಳಬೇಕಾದ ಚಲನಶಕ್ತಿಯು ಮೊದಲನೆಯದರಲ್ಲಿ 4.6 ಜೂಲ್, ಎರಡನೆಯದರಲ್ಲಿ 6.5 ಜೂಲ್. ಸಿಡಿಮದ್ದಿನ ಅನಿಲದ ತಳ್ಳನ್ನು ನಾವು ಇಲ್ಲಿ ಗಣಿಸಿಲ್ಲ. ಗಣಿಸಿದರೆ ಎರಡು ಅಂಕಿಗಳೂ ಇನ್ನಷ್ಟು ಹೆಚ್ಚುತ್ತವೆ. ಜೇಬಿಗೆ 250 ಗ್ರಾಂ ಹಗುರವಾದುದು ಕೈಗೆ ನೂರಕ್ಕೆ ನಲವತ್ತರಷ್ಟು ಹೆಚ್ಚಿನ ಪೆಟ್ಟಾಗುತ್ತದೆ.

ಗುರಿಯ ಲೆಕ್ಕವೂ ಇದೇ ಬಗೆಯದು. ಪಿಸ್ತೂಲಿನ ಹಿಂದಿನ ಮತ್ತು ಮುಂದಿನ ಗುರಿಗುಬಟುಗಳ ನಡುವೆ 15 ಸೆಂಟಿಮೀಟರು ಅಂತರವಿದ್ದು, ಅವುಗಳಲ್ಲಿ ಒಂದು 1 ಮಿಲಿಮೀಟರಿನಷ್ಟು ಓರೆಯಾದರೆ, ಹತ್ತು ಮೀಟರು ದೂರದಲ್ಲಿ ಗುಂಡು 67 ಮಿಲಿಮೀಟರು ಪಕ್ಕಕ್ಕೆ ಹೋಗುತ್ತದೆ. ಅಂತರವು 10 ಸೆಂಟಿಮೀಟರಿಗೆ ಇಳಿದರೆ ಅದೇ ತಪ್ಪು 100 ಮಿಲಿಮೀಟರಾಗುತ್ತದೆ. ಇದು ಸದೃಶ ತ್ರಿಕೋಣಗಳ ಸರಳವಾದ ಪಾಠ. ಅಧಿಕಾರಿಯು ಅಭ್ಯಾಸ ಮಾಡುವುದು ಬಹುಪಾಲು ದೊಡ್ಡ ಪಿಸ್ತೂಲಿನಲ್ಲಿ. ಬಿಡುವಿನಲ್ಲಿ ಧರಿಸುವುದು ಚಿಕ್ಕದನ್ನು. ಎಂದರೆ, ಯಾವುದನ್ನು ಹಿಡಿದು ಗುರಿ ಸಾಧಿಸುವುದು ಹೆಚ್ಚು ಕಷ್ಟವೋ ಅದನ್ನೇ, ಸಂಗಡಿಗರಿಲ್ಲದೆ ಜನಸಂದಣಿಯ ನಡುವೆ ನಿಂತಾಗ ಅವನು ನಂಬಬೇಕಾಗುತ್ತದೆ. ತಪ್ಪಿದ ಗುಂಡು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಅದು ಯಾರನ್ನಾದರೂ ತಾಗಬಹುದು.

ಒರೆಯ ಮಹತ್ವ

ಖಡ್ಗಕ್ಕೆ ಒರೆ ಹೇಗೋ ಪಿಸ್ತೂಲಿಗೂ ಒರೆ ಹಾಗೆ. ಸಮವಸ್ತ್ರದ ಒರೆಯಲ್ಲಿ ಆಯುಧವು ಜಾರದಂತೆ ಕೊಂಡಿಗಳಿರುತ್ತವೆ. ಬಿಡುವಿನ ವೇಳೆಯ ಒರೆಯು ತೆಳುವಾಗಿ, ಷರಾಯಿಯ ಒಳಗಡೆ ಅಡಗುವಂತಹದು. ಅಲ್ಲಿ ಪಿಸ್ತೂಲನ್ನು ಹಿಡಿದಿಡುವುದು ಬಹುಮಟ್ಟಿಗೆ ಘರ್ಷಣೆ ಮಾತ್ರ. 850 ಗ್ರಾಂ ಪಿಸ್ತೂಲಿನ ಭಾರ ಸುಮಾರು 8.3 ನ್ಯೂಟನ್. ದೇಹವು ನೆಟ್ಟಗಿರುವಾಗ ಒರೆಯ ತಳವು ಈ ಭಾರವನ್ನು ಹೊರುತ್ತದೆ. ದೇಹವು ತಲೆಕೆಳಗಾದರೋ, ಘರ್ಷಣೆಯೊಂದೇ ಅದನ್ನು ಹೊರಬೇಕು.

2018ರ ಜೂನ್ ತಿಂಗಳಿನಲ್ಲಿ ಅಮೆರಿಕದ ಡೆನ್ವರ್ ನಗರದ ಪಾನಗೃಹವೊಂದರಲ್ಲಿ ಇದು ಪ್ರತ್ಯಕ್ಷವಾಯಿತು. ಬಿಡುವಿನಲ್ಲಿದ್ದ ಕೇಂದ್ರ ತನಿಖಾ ಸಂಸ್ಥೆಯ ಅಧಿಕಾರಿಯೊಬ್ಬನು ನರ್ತಿಸುತ್ತ ಹಿಂದಕ್ಕೆ ಲಾಗ ಹಾಕಿದನು. ಪಿಸ್ತೂಲು ಒರೆಯಿಂದ ಜಾರಿ ನೆಲಕ್ಕೆ ಬಿದ್ದಿತು. ಬಿದ್ದಾಗ ಅದು ಸಿಡಿಯಲಿಲ್ಲ. ಅವನು ಅವಸರದಿಂದ ಎತ್ತಿಕೊಳ್ಳುವಾಗ ಸಿಡಿದು, ಅಲ್ಲಿದ್ದ ಗಿರಾಕಿಯೊಬ್ಬನ ಕಾಲಿಗೆ ಗುಂಡು ತಗುಲಿತು. ಅಧಿಕಾರಿಯು ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. ಈ ಘಟನೆಯ ಎರಡು ಭಾಗಗಳನ್ನೂ ವಿದ್ಯಾರ್ಥಿಗಳು ಬೇರೆಬೇರೆಯಾಗಿ ಗಮನಿಸಬೇಕು. ಇಂದಿನ ಬಹುತೇಕ ಪೋಲೀಸು ಪಿಸ್ತೂಲುಗಳಲ್ಲಿ, ಕುದುರೆಯನ್ನು ಎಳೆಯದ ಹೊರತು ಸಿಡಿಸುವ ಮೊಳೆಯು ಮುಂದಕ್ಕೆ ಚಲಿಸದಂತೆ ಒಳಗೇ ಒಂದು ತಡೆ ಇರುತ್ತದೆ; ಆದುದರಿಂದ ಬಿದ್ದ ಪಿಸ್ತೂಲಿಗಿಂತ ಬೀಳುತ್ತಿರುವುದನ್ನು ಹಿಡಿಯಹೋಗುವ ಕೈಯೇ ಹೆಚ್ಚು ಅಪಾಯಕಾರಿ. ಅನೇಕ ಪಿಸ್ತೂಲುಗಳಲ್ಲಿ ಕುದುರೆ ಎಳೆಯಲು ಬೇಕಾದ ಬಲ ಕೇವಲ 25 ನ್ಯೂಟನ್, ಎಂದರೆ ಎರಡೂವರೆ ಕಿಲೋಗ್ರಾಂ ತೂಕದ ಸೆಳೆತ. ಕುದುರೆಯನ್ನು ಪೂರ್ತಿಯಾಗಿ ಮುಚ್ಚುವ, ಆಯುಧವನ್ನು ಬಿಗಿಯಾಗಿ ಹಿಡಿಯುವ ಒರೆಯು ಅಲಂಕಾರದ ವಸ್ತುವಲ್ಲ, ಸುರಕ್ಷಣೆಯ ಸಾಧನ.

ಕೈಕೋಳ ಮತ್ತು ಕೈದೀಪ

ಇಂದಿನ ಬಗೆಯ ಕೈಕೋಳಕ್ಕೆ 1912ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಅದರ ಹಲ್ಲುಳ್ಳ ಕಮಾನು ಒಂದೇ ದಿಕ್ಕಿಗೆ ಸರಿಯುತ್ತದೆ. ಹಿಂದಕ್ಕೆ ಬರದಂತೆ ಒಂದು ಚಿಕ್ಕ ನಾಲಗೆಯು ಹಲ್ಲಿಗೆ ಸಿಕ್ಕಿಕೊಂಡು ತಡೆಯುತ್ತದೆ. ತೊಡಿಸಿದ ಮೇಲೆ ಎರಡನೆಯ ಬೀಗವನ್ನು ಹಾಕಿದರೆ ಅದು ಇನ್ನಷ್ಟು ಬಿಗಿದು ಮಣಿಕಟ್ಟನ್ನು ನೋಯಿಸುವುದೂ ತಪ್ಪುತ್ತದೆ. ಒಂದು ಜೊತೆಯ ತೂಕ 280 ಗ್ರಾಮಿನಷ್ಟು. ಆದರೂ ಬಿಡುವಿನಲ್ಲಿ ಅನೇಕರು ಇದನ್ನು ಮನೆಯಲ್ಲಿಯೇ ಬಿಡುತ್ತಾರೆ. ಕಾರಣ ಸ್ಪಷ್ಟವಾಗಿದೆ. ಕೈಕೋಳ ತೊಡಿಸಲು ಎದುರಾಳಿಯ ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಬೇಕು, ಎರಡು ಕೈಗಳನ್ನೂ ಬಳಸಬೇಕು. ಜೊತೆಗಾರನಿಲ್ಲದೆ, ರೇಡಿಯೋ ಇಲ್ಲದೆ, ಕವಚವಿಲ್ಲದೆ ಹಾಗೆ ಮಾಡುವುದು ಸಾಹಸವೇ ಹೊರತು ವಿವೇಕವಲ್ಲ.

ಟಾರ್ಚಿನ ಕಥೆ ಇದಕ್ಕೆ ವಿರುದ್ಧವಾದುದು. ಹಿಂದೆ ನಾಲ್ಕು ದಪ್ಪ ಬ್ಯಾಟರಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಲೋಹದ ಟಾರ್ಚು ಒಂದು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು; ಅದರ ಟಂಗ್‌ಸ್ಟನ್ ತಂತಿಯು ವಿದ್ಯುಚ್ಛಕ್ತಿಯ ಬಹುಭಾಗವನ್ನು ಬೆಳಕಾಗಿ ಅಲ್ಲ, ಶಾಖವಾಗಿ ಕಳೆಯುತ್ತಿತ್ತು. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿ ಬಿಳಿಯ ಬೆಳಕಿಗೆ ದಾರಿಮಾಡಿದ ಅಕಸಾಕಿ, ಅಮಾನೋ, ನಾಕಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಅವರ ಶ್ರಮದ ಫಲವಾಗಿ ಇಂದು 100 ಗ್ರಾಮಿನ ಟಾರ್ಚು ಹಿಂದಿನ ಕಿಲೋಗ್ರಾಮಿನ ಟಾರ್ಚಿಗಿಂತ ಪ್ರಖರವಾದ ಬೆಳಕನ್ನು ಬೀರುತ್ತದೆ. ಅದು ಪೋಲೀಸಿನವನಿಗೆ ದಾರಿಯನ್ನಷ್ಟೇ ತೋರಿಸುವುದಿಲ್ಲ. ಎದುರಿನವನ ಕೈಯಲ್ಲಿರುವುದು ಚೂರಿಯೋ ದೂರವಾಣಿಯೋ ಎಂಬುದನ್ನು ತೋರಿಸಿ, ನಿರಪರಾಧಿಯ ಪ್ರಾಣವನ್ನೂ ಉಳಿಸುತ್ತದೆ.

ಎಂಬತ್ತು ಗ್ರಾಮಿನ ಪ್ರಾಣರಕ್ಷಕ

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ತೊಡೆಯ ದೊಡ್ಡ ಅಪಧಮನಿಯು ಕತ್ತರಿಸಿಹೋದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆಂಬುಲೆನ್ಸು ಅಷ್ಟು ಬೇಗ ಬರಲಾರದು. ಆದುದರಿಂದ ರಕ್ತವನ್ನು ತಡೆಯುವ ಪಟ್ಟಿ, ಎಂದರೆ ಟೂರ್ನಿಕೆಟ್, ಇಂದು ಅನೇಕ ಅಧಿಕಾರಿಗಳ ಬಿಡುವಿನ ಸಲಕರಣೆಗಳಲ್ಲಿ ಸೇರಿದೆ. ಫ್ರಾನ್ಸಿನ ಶಸ್ತ್ರವೈದ್ಯ ಪೆಟಿಯು 1718ರಲ್ಲಿ ತಿರುಪಿನಿಂದ ಬಿಗಿಯುವ ಪಟ್ಟಿಯೊಂದನ್ನು ರಚಿಸಿದನು. ಅಮೆರಿಕದ ಭೂಸೈನ್ಯವು 2005ರಲ್ಲಿ ಒಂಟಿ ಕೈಯಿಂದಲೂ ಬಿಗಿಯಬಹುದಾದ ಪಟ್ಟಿಯನ್ನು ಸೈನಿಕರಿಗೆ ಕೊಡತೊಡಗಿತು. ಅದರ ತೂಕ 80 ಗ್ರಾಮಿಗೂ ಕಡಿಮೆ.

ಈ ಪಟ್ಟಿಗೆ ಒಂದು ಚಿಕ್ಕ ಕೋಲನ್ನು ಜೋಡಿಸಿರುವುದೇಕೆ? ಇಲ್ಲಿಯೂ ಲೆಕ್ಕವೇ ಉತ್ತರ ಹೇಳುತ್ತದೆ. ಪಟ್ಟಿಯು ಅಂಗದ ಮೇಲೆ ಹೇರುವ ಒತ್ತಡವು ಅದರ ಸೆಳೆತವನ್ನು ಪಟ್ಟಿಯ ಅಗಲ ಮತ್ತು ಅಂಗದ ತ್ರಿಜ್ಯಗಳ ಗುಣಲಬ್ಧದಿಂದ ಭಾಗಿಸಿದಷ್ಟಿರುತ್ತದೆ. ತೊಡೆಯ ಮಾಂಸದ ಆಳದಲ್ಲಿರುವ ಅಪಧಮನಿಯನ್ನು ಮುಚ್ಚಲು ಪಾದರಸದ 250 ಮಿಲಿಮೀಟರಿನಷ್ಟು, ಎಂದರೆ 33,000 ಪಾಸ್ಕಲಿನಷ್ಟು ಒತ್ತಡ ಬೇಕೆಂದೂ, ಪಟ್ಟಿಯ ಅಗಲ 3.8 ಸೆಂಟಿಮೀಟರು, ತೊಡೆಯ ತ್ರಿಜ್ಯ 8 ಸೆಂಟಿಮೀಟರು ಎಂದೂ ಭಾವಿಸೋಣ. ಆಗ ಬೇಕಾದ ಸೆಳೆತ 100 ನ್ಯೂಟನ್: ಹತ್ತು ಕಿಲೋಗ್ರಾಂ ತೂಕವನ್ನು ಹಿಡಿದಂತೆ! ರಕ್ತದಿಂದ ಜಾರುವ ಕೈಯಲ್ಲಿ ಈ ಸೆಳೆತವನ್ನು ಬಹಳ ಹೊತ್ತು ಹಿಡಿದಿರುವುದು ಅಸಾಧ್ಯ. ಕೋಲು ತಿರುಗುತ್ತ ಪಟ್ಟಿಯನ್ನು ಸುತ್ತಿಕೊಂಡು, ಸನ್ನೆಯ ತತ್ತ್ವದಿಂದ ನಮ್ಮ ಅಲ್ಪ ಬಲವನ್ನು ಹಿಗ್ಗಿಸುತ್ತದೆ. ಕೊಂಡಿಯು ಅದನ್ನು ಹಾಗೆಯೇ ನಿಲ್ಲಿಸುತ್ತದೆ. ಅಗಲ ತೀರ ಕಡಿಮೆಯಾದ ದಾರ ಅಥವಾ ತಂತಿಯು ಒಳಗಿನ ರಕ್ತನಾಳವನ್ನು ಸರಿಯಾಗಿ ಮುಚ್ಚದೆ ಚರ್ಮವನ್ನೂ ನರಗಳನ್ನೂ ಕೊಯ್ದು ಗಾಯಗೊಳಿಸುತ್ತದೆ. ಈ ಪಟ್ಟಿಯು ಕೈಕಾಲುಗಳಿಗೆ ಮಾತ್ರ. ಕಟ್ಟಿದ ಹೊತ್ತನ್ನು ಬರೆದಿಟ್ಟು, ಎರಡು ಗಂಟೆಗಳೊಳಗೆ ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಬೇಕು.

ಪಿಸ್ತೂಲು ಎಂದೋ ಒಮ್ಮೆ ಬೇಕಾಗಬಹುದು, ಬೇಡವಾಗಿಯೇ ಹೋಗಬಹುದು. ರಸ್ತೆಯ ಅಪಘಾತವೋ ಒಡೆದ ಗಾಜೋ ಎಲ್ಲರ ಬಾಳಿನಲ್ಲಿಯೂ ಎದುರಾಗುವುದು ಸಾಮಾನ್ಯ. ಗ್ರಾಮಿಗೆ ಎಷ್ಟು ಪ್ರಾಣ ಉಳಿಯಬಹುದೆಂದು ಎಣಿಸಿದರೆ, ಈ ಪಟ್ಟಿಗೆ ಸಮನಾದ ವಸ್ತು ಜೇಬಿನಲ್ಲಿ ಬೇರೊಂದಿಲ್ಲ.

ಹೊತ್ತೊಯ್ಯಲಾಗದ ಸಲಕರಣೆ

ಇದುವರೆಗೆ ನಾವು ತೂಗಿ ನೋಡಿದ ವಸ್ತುಗಳೆಲ್ಲವನ್ನೂ ಜೇಬಿನಲ್ಲಿ ಇಡಬಹುದು. ಜೇಬಿನಲ್ಲಿಡಲು ಬಾರದ ಒಂದು ಸಲಕರಣೆಯುಂಟು, ಅದು ಸಮವಸ್ತ್ರವೇ. 'ಈತನು ಪೋಲೀಸಿನವನು' ಎಂಬ ವಾರ್ತೆಯನ್ನು ಅದು ನೂರು ಗಜ ದೂರಕ್ಕೆ, ಒಂದು ಮಾತನ್ನೂ ಆಡದೆ ಸಾರುತ್ತದೆ. ಅದನ್ನು ಕಳಚಿದೊಡನೆ ಉಳಿಯುವುದು, ಕೈಯಲ್ಲಿ ಪಿಸ್ತೂಲು ಹಿಡಿದ ಒಬ್ಬ ಅಪರಿಚಿತ.

2009ರ ಮೇ 28ರ ರಾತ್ರಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗದಲ್ಲಿ, ಕೆಲಸ ಮುಗಿಸಿ ಹೊರಬಂದ 25 ವರ್ಷದ ಪೋಲೀಸು ಅಧಿಕಾರಿಯೊಬ್ಬನು ತನ್ನ ಕಾರಿನೊಳಗೆ ಯಾರೋ ನುಗ್ಗಿರುವುದನ್ನು ಕಂಡನು. ಓಡಿದ ಕಳ್ಳನನ್ನು ಅವನು ಪಿಸ್ತೂಲು ಹಿಡಿದು ಬೆನ್ನಟ್ಟಿದನು. ಅದೇ ಬೀದಿಯಲ್ಲಿ ಬರುತ್ತಿದ್ದ, ಸಾದಾ ಉಡುಪಿನ ಬೇರೆ ಪೋಲೀಸರು ಇದನ್ನು ಕಂಡು ಕೂಗಿದರು. ಆತ ಪಿಸ್ತೂಲಿನೊಡನೆ ಅವರ ಕಡೆಗೆ ತಿರುಗಿದನು. ಅವರಲ್ಲೊಬ್ಬನು ಹಾರಿಸಿದ ಗುಂಡುಗಳಿಂದ ಆ ತರುಣನು ಮಡಿದನು. ಸತ್ತವನು ಕರಿಯ ಜನಾಂಗದವನು. ಗುಂಡು ಹಾರಿಸಿದವನು ಬಿಳಿಯನು. ಇಂತಹ ಸಾವುಗಳನ್ನು ಪರಿಶೀಲಿಸಲು ನ್ಯೂಯಾರ್ಕ್ ಸಂಸ್ಥಾನದ ಗವರ್ನರರು ಒಂದು ಸಮಿತಿಯನ್ನು ನೇಮಿಸಿದರು. 2010ರಲ್ಲಿ ಅದರ ವರದಿಯು ಪ್ರಕಟವಾಯಿತು.

ಅವನ ಬಳಿ ಬಿಲ್ಲೆ ಇದ್ದರೂ ಪ್ರಯೋಜನವಾಗುತ್ತಿತ್ತೆ? ಕಣ್ಣಿನ ರಚನೆಯನ್ನು ವಿಚಾರಿಸೋಣ. ಒಳ್ಳೆಯ ಬೆಳಕಿನಲ್ಲಿ ಸಾಮಾನ್ಯ ದೃಷ್ಟಿಯವನು ಹತ್ತು ಮೀಟರು ದೂರದಿಂದ ಓದಬಲ್ಲ ಅಕ್ಷರದ ಎತ್ತರ 14 ಮಿಲಿಮೀಟರಿಗೆ ಕಡಿಮೆಯಾಗಿರಲಾರದು. ಬಿಲ್ಲೆಯ ಮೇಲಿನ ಅಕ್ಷರಗಳು 4 ಮಿಲಿಮೀಟರಿನವಾದರೆ ಅವನ್ನು ಓದಲು ಮೂರು ಮೀಟರಿಗೂ ಹತ್ತಿರ ಬರಬೇಕು. ಮೇಲಾಗಿ ಅಕ್ಷಿಪಟಲದ ನಡುಚುಕ್ಕೆಯಲ್ಲಿ ಮಾತ್ರ ದೃಷ್ಟಿಯು ತೀಕ್ಷ್ಣ. ಅಲ್ಲಿಂದ ಮೂರು ಡಿಗ್ರಿ ಸರಿದರೆ ತೀಕ್ಷ್ಣತೆಯು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹತ್ತು ಮೀಟರಿನಲ್ಲಿ ಮೂರು ಡಿಗ್ರಿ ಎಂದರೆ ಸುಮಾರು ಅರ್ಧ ಮೀಟರು: ಚಾಚಿದ ಕೈಯಲ್ಲಿನ ಪಿಸ್ತೂಲಿಗೂ ಸೊಂಟದ ಬಿಲ್ಲೆಗೂ ಇರುವಷ್ಟು ಅಂತರ.

ನೋಡುವವನ ಕಣ್ಣು ಎರಡರಲ್ಲಿ ಯಾವುದರ ಮೇಲೆ ನಿಲ್ಲುತ್ತದೆ? 1987ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಂಗಡಿಗರು ಇದನ್ನು ಪ್ರಯೋಗದಿಂದ ಅಳೆದರು. ಹೋಟಲಿನ ಹಣಕಟ್ಟೆಯಲ್ಲಿ ಗಿರಾಕಿಯೊಬ್ಬನು ಚೆಕ್ಕನ್ನು ಚಾಚುವ ಚಿತ್ರಗಳನ್ನು ಕೆಲವರಿಗೂ, ಪಿಸ್ತೂಲನ್ನು ಚಾಚುವ ಚಿತ್ರಗಳನ್ನು ಬೇರೆ ಕೆಲವರಿಗೂ ತೋರಿಸಿ, ಅವರ ಕಣ್ಣುಗಳ ಚಲನೆಯನ್ನು ದಾಖಲಿಸಿದರು. ಪಿಸ್ತೂಲಿನ ಮೇಲೆ ದೃಷ್ಟಿಯು ಹೆಚ್ಚು ಸಲ, ಹೆಚ್ಚು ಹೊತ್ತು ನಿಂತಿತು. 2002ರಲ್ಲಿ ಜಾಶುವಾ ಕಾರೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಗಣಕಯಂತ್ರದ ಆಟವೊಂದರಲ್ಲಿ ಭಾಗವಹಿಸಿದವರು ಆಯುಧವಿದ್ದ ಕರಿಯನಿಗೆ ಗುಂಡು ಹಾರಿಸಲು, ಆಯುಧವಿದ್ದ ಬಿಳಿಯನ ಸಂಗತಿಯಲ್ಲಿಗಿಂತ ಬೇಗ ನಿರ್ಧರಿಸಿದರು. ಆಯುಧವಿಲ್ಲದ ಕರಿಯನಿಗೆ ಗುಂಡು ಹಾರಿಸಬಾರದೆಂದು ನಿರ್ಧರಿಸಲು ಹೆಚ್ಚು ಹೊತ್ತು ತೆಗೆದುಕೊಂಡರು. ಕಣ್ಣು ಕಾಣುವುದನ್ನು ಮನಸ್ಸು ತನ್ನ ಹಳೆಯ ಪೂರ್ವಗ್ರಹಗಳ ಮೂಲಕವೇ ಓದುತ್ತದೆಂಬುದು ಇದರಿಂದ ವಿಶದವಾಗುತ್ತದೆ. ಜೇಬಿನ ಯಾವ ಸಲಕರಣೆಯೂ ಈ ದೋಷವನ್ನು ಪೂರ್ತಿಯಾಗಿ ನಿವಾರಿಸಲಾರದು.

ಆದುದರಿಂದಲೇ ತರಬೇತಿ ನೀಡುವವರು ಬಿಡುವಿನಲ್ಲಿರುವ ಅಧಿಕಾರಿಗೆ ಹೇಳುವ ಮಾತು ಹೀಗಿದೆ: ಯಾರ ಪ್ರಾಣವೂ ಆ ಕ್ಷಣದಲ್ಲಿ ಅಪಾಯದಲ್ಲಿಲ್ಲದಿದ್ದರೆ ಪಿಸ್ತೂಲನ್ನು ಹೊರಗೆ ತೆಗೆಯಬೇಡ, ದೂರವಾಣಿಯಿಂದ ಸುದ್ದಿ ಕೊಟ್ಟು, ನೀನು ಯಾರು, ಯಾವ ಬಣ್ಣದ ಅಂಗಿ ತೊಟ್ಟಿದ್ದೀಯೆ ಎಂಬುದನ್ನು ಮೊದಲೇ ತಿಳಿಸು, ಒಳ್ಳೆಯ ಸಾಕ್ಷಿಯಾಗಿ ಎಲ್ಲವನ್ನೂ ಗಮನಿಸು, ಸಮವಸ್ತ್ರದವರು ಬಂದು ಕೂಗಿದಾಗ ಥಟ್ಟನೆ ತಿರುಗದೆ, ಅವರು ಹೇಳಿದಂತೆ ನಡೆ. ಅಮೆರಿಕದಲ್ಲಿ 911 ಎಂಬ ತುರ್ತು ಸಂಖ್ಯೆಗೆ ಮೊದಲ ಕರೆಯು 1968ರ ಫೆಬ್ರವರಿ 16ರಂದು ಅಲಬಾಮಾ ಸಂಸ್ಥಾನದ ಹೇಲಿವಿಲ್ ಎಂಬ ಊರಿನಿಂದ ಹೋಯಿತು. ಅಂದು ಗೋಡೆಗೆ ಅಂಟಿಕೊಂಡಿದ್ದ ಆ ಯಂತ್ರವು ಇಂದು 200 ಗ್ರಾಮಿನ ವಸ್ತುವಾಗಿ ಜೇಬಿಗಿಳಿದಿದೆ.

ಈಗ ಒಟ್ಟು ತೂಕವನ್ನು ಕೂಡಿಸೋಣ. ಪಿಸ್ತೂಲು 850, ಟಾರ್ಚು 100, ರಕ್ತ ತಡೆಯುವ ಪಟ್ಟಿ 80, ದೂರವಾಣಿ 200, ಬಿಲ್ಲೆ ಮತ್ತು ಗುರುತಿನ ಚೀಟಿ ಸುಮಾರು 100: ಎಲ್ಲವೂ ಸೇರಿ 1,330 ಗ್ರಾಂ. ಇದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ತೂಗುವ ವಸ್ತುವು ಎಲ್ಲಕ್ಕಿಂತ ಕಡೆಯಲ್ಲಿ ಹೊರಬರತಕ್ಕದ್ದು; ಉಳಿದ ಅರ್ಧ ಕಿಲೋಗ್ರಾಮು ಎಲ್ಲಕ್ಕಿಂತ ಮೊದಲು. ವಿವೇಕಿಯಾದ ಅಧಿಕಾರಿಯು ಸಲಕರಣೆಗಳನ್ನು ಆರಿಸುವುದು ತೂಕದ ಮೇಲಲ್ಲ, ಹೀಗೆ ಬಳಸಬೇಕಾದ ಕ್ರಮದ ಮೇಲೆ.

ಆ ಅರ್ಧ ಕಿಲೋಗ್ರಾಮಿನ ಬಹುಭಾಗವನ್ನು ಹೊರಲು ಪೋಲೀಸಿನವನೇ ಆಗಬೇಕೆಂಬ ನಿಯಮವೇನೂ ಇಲ್ಲ. ನಮ್ಮ ದೇಶದಲ್ಲಿ 112 ಎಂಬ ಸಂಖ್ಯೆಯನ್ನು ನೆನಪಿಡುವುದಕ್ಕೂ, ಕತ್ತಲೆಯಲ್ಲಿ ಬೆಳಕು ಹಿಡಿಯುವುದಕ್ಕೂ, ಹರಿಯುವ ರಕ್ತದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಎರಡೂ ಕೈಗಳಿಂದ ಬಲವಾಗಿ ಒತ್ತಿ ಹಿಡಿಯುವುದಕ್ಕೂ ಯಾವ ಪರವಾನಗಿಯೂ ಬೇಡ. ಪ್ರಥಮ ಚಿಕಿತ್ಸೆಯ ತರಗತಿಯೊಂದನ್ನು ಸೇರಿ ಇವನ್ನು ಕ್ರಮವಾಗಿ ಅಭ್ಯಸಿಸಿದ ವಿದ್ಯಾರ್ಥಿಯು, ಸಮವಸ್ತ್ರವಿಲ್ಲದೆಯೂ ಜನರ ರಕ್ಷಕನಾಗಬಲ್ಲನು.